ಮಾತಿಗೂ ಲೆಕ್ಕಕ್ಕೂ ಮಿದುಳಿನಲ್ಲಿ ನೆಂಟಸ್ತನ ಇದೆಯಾ?

ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ ನಾನು ಆಡಿದ ಮಾತುಗಳಿವು. ಆವತ್ತು ಹೊರಗೆ ಮಳೆ ಜೋರಾಗಿತ್ತು, ಹಿಂದಿನ ಸಾಲಿನವರಿಗೆ ಅರ್ಧಂಬರ್ಧ ಕೇಳಿಸಿತಂತೆ. ಬರೆದುಕೊಡಿ ಅಂತ ಕೆಲವರು ಕೇಳಿದರು, ಅದಕ್ಕೆ ಬರೆದಿದ್ದೇನೆ. ಕೊನೆಯಲ್ಲಿ ಆದ ಒಂದು ಸಂಗತಿಯನ್ನೂ ಸೇರಿಸಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯ ಹೈಸ್ಕೂಲಲ್ಲಿ ಗಣಿತ ಹೇಳಿಕೊಡುವವನು. ಪ್ರತಿ ವರ್ಷ ರಿಸಲ್ಟ್ ಬಂದ ಮೇಲೆ ಅಪ್ಪ ಅಮ್ಮಂದಿರು ನನಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ನಮ್ಮ ಹುಡುಗಿ ಕನ್ನಡ, ಇಂಗ್ಲಿಷ್ ಎಲ್ಲ ಚೆನ್ನಾಗಿ ಮಾಡ್ತಾಳೆ, ಲೆಕ್ಕ ಮಾತ್ರ ತಲೆಗೆ ಹತ್ತಲ್ಲ. ಆರ್ಟ್ಸಿಗೆ ಹಾಕಿಬಿಡ್ಲಾ?" ಹುಡುಗನಾದರೆ ಪ್ರಶ್ನೆ ತಿರುಗುತ್ತದೆ. "ಲೆಕ್ಕದಲ್ಲಿ ಹುಲಿ, ನಾಲ್ಕು ಸಾಲು ಬರೆಯೋಕೆ ಬರಲ್ಲ, ಅವನ ತಲೆಯೇ ಹಾಗೆ." ಆರ್ಟ್ಸ್ ತೊಗೊಳ್ಳೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮಾತಿನ ತಲೆ ಬೇರೆ, ಲೆಕ್ಕದ ತಲೆ ಬೇರೆ ಅಂತ ನಾವು ಗಟ್ಟಿಯಾಗಿ ನಂಬಿದ್ದೇವಲ್ಲ, ಅದು ಎಷ್ಟು ನಿಜ ಅಂತ ನೋಡೋಣ. ನನಗೆ ಇದು ಸುಮ್ನೆ ಓದಿ ತಿಳಿದ ವಿಷಯ ಅಲ್ಲ. ನಮ್ಮ ಮನೆಯಲ್ಲೇ ನೋಡಿದ್ದು.

ನಮ್ಮ ದೊಡ್ಡಪ್ಪ ಅಡಿಕೆ ತೋಟದವರು. ಅರವತ್ತೆರಡನೇ ವಯಸ್ಸಿನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿತ್ತು. ಬಲಗೈ ಸೋತಿತು, ಮಾತು ಹೋಯಿತು. "ಅದು... ಅದು..." ಅಷ್ಟೇ ಉಳಿದಿದ್ದು. ಹೆಂಡತಿ ಹೆಸರು ಹೇಳೋಕೆ ಆಗುತ್ತಿರಲಿಲ್ಲ. ನಾವು ಹೇಳಿದ್ದೂ ಪೂರ್ತಿ ಅರ್ಥ ಆಗುತ್ತಿರಲಿಲ್ಲ. ನನ್ನನ್ನೂ ನನ್ನ ತಮ್ಮನನ್ನೂ ಎದುರಿಗೆ ನಿಲ್ಲಿಸಿಕೊಂಡು, "ಅಣ್ಣ ತಮ್ಮನನ್ನ ಕರೆದ, ಕರೆದಿದ್ದು ಯಾರು?" ಅಂತ ಕೇಳಿದರೆ ಒಮ್ಮೆ ನನ್ನ ಕಡೆ ಕೈ ತೋರಿಸುತ್ತಿದ್ದರು, ಅದೇ ಮಾತನ್ನ ಮತ್ತೆ ಹೇಳಿದರೆ ತಮ್ಮನ ಕಡೆ. ಆ "ಅನ್ನ" ಪ್ರತ್ಯಯ ಇದೆಯಲ್ಲ, ಯಾರು ಮಾಡಿದ್ದು ಯಾರಿಗೆ ಆಗಿದ್ದು ಅಂತ ಕನ್ನಡದಲ್ಲಿ ಹೇಳೋದೇ ಅದು. ಅವರ ಮಟ್ಟಿಗೆ ಅದು ಕಿವಿಗೆ ಬಿದ್ದರೂ ಏನೂ ಹೇಳುತ್ತಿರಲಿಲ್ಲ.

ಆ ವರ್ಷದ ಅಡಿಕೆ ಸುಲಿತದ ಹೊತ್ತು. ಚಪ್ಪರದ ಕೆಳಗೆ ನಾಲ್ಕು ಜನ ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿ ಒಂಬತ್ತರ ತನಕ ಸುಲಿದರು. ಯಾರು ಎಷ್ಟು ಡಬ್ಬ ಸುಲಿದರು ಅಂತ ನಾನು ಸ್ಲೇಟಿನ ಮೇಲೆ ಬರೆದೆ. 7, 9, 6, 11. ಕೆಳಗೆ ಗೆರೆ ಎಳೆದು 32 ಅಂತ ಬರೆದೆ. ಬೆಂಚಿನ ಮೇಲೆ ಕೂತಿದ್ದ ದೊಡ್ಡಪ್ಪ ಎಡಗೈಯಲ್ಲಿ ಬೆಂಚನ್ನ ಪಟಪಟ ಬಡಿದರು. "ಅದು! ಅದು!" ನೀರು ಬೇಕೇನೋ ಅಂದುಕೊಂಡು ದೊಡ್ಡಮ್ಮ ಒಳಗೆ ಓಡಿದರು. ದೊಡ್ಡಪ್ಪ ನನ್ನ ಕೈಯಿಂದ ಸ್ಲೇಟ್ ಕಿತ್ತುಕೊಂಡು, 2ನ್ನ ಹೆಬ್ಬೆರಳಲ್ಲಿ ಒರೆಸಿ, ಸೊಟ್ಟಗೆ 3 ಅಂತ ಬರೆದರು. ಮೂವತ್ತಮೂರು. ಗಣಿತದ ಮೇಷ್ಟ್ರು ತಪ್ಪಿದ ಲೆಕ್ಕವನ್ನ ಮಾತೇ ಇಲ್ಲದ ಮನುಷ್ಯ ಸರಿ ಮಾಡಿದ್ದು. "ಮೂವತ್ತಮೂರು ಅನ್ನಿ ದೊಡ್ಡಪ್ಪ" ಅಂದೆ. ಬಾಯಿ ತೆರೆದರು, ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

ಆಮೇಲೆ ದಿನಾ ಸಾಯಂಕಾಲ ಅವರ ಜೊತೆ ಸ್ಲೇಟ್ ಹಿಡಿದು ಕೂರುತ್ತಿದ್ದೆ. ಕೂಡೋದು, ಕಳೆಯೋದು ಸಲೀಸಾಗಿ ಮಾಡುತ್ತಿದ್ದರು. ಆದರೆ 7 × 8 ಬರೆದು ತೋರಿಸಿದರೆ ನಿಂತುಬಿಡುತ್ತಿದ್ದರು. "ಏಳೆಂಟ್ಲ ಐವತ್ತಾರು" ಅಂತ ಎಪ್ಪತ್ತು ವರ್ಷದವರೂ ನಿದ್ದೆಯಲ್ಲಿ ಹೇಳುತ್ತಾರೆ, ಅವರಿಗೆ ಅದು ಹೋಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, 8ರ ಕೆಳಗೆ 8, ಅದರ ಕೆಳಗೆ 8 ಅಂತ ಏಳು ಸಲ ಬರೆದು ಕೂಡಿಸಿ 56 ತರುತ್ತಿದ್ದರು. ಲೆಕ್ಕ ಉಳಿದಿತ್ತು, ಮಗ್ಗಿ ಹೋಗಿತ್ತು. ಇದು ಯಾಕೆ ಹೀಗೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಓದುತ್ತಾ ಹೋದಾಗ.

2005ರಲ್ಲಿ ಇಂಗ್ಲೆಂಡಿನ ರೋಸ್‌ಮೇರಿ ವಾರ್ಲಿ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಎಡ ಮಿದುಳಿಗೆ ದೊಡ್ಡ ಪೆಟ್ಟು ಬಿದ್ದು ವ್ಯಾಕರಣವೇ ಹೋಗಿದ್ದ ಮೂವರು ಗಂಡಸರು. ಯಾರು ಯಾರಿಗೆ ಏನು ಮಾಡಿದರು ಅನ್ನೋ ವಾಕ್ಯ ಅದಲು ಬದಲಾದರೆ ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ 59ರಿಂದ 13 ಕಳೆಯೋದು ಬೇರೆ, 13ರಿಂದ 59 ಕಳೆಯೋದು ಬೇರೆ ಅನ್ನೋದು ಚೆನ್ನಾಗಿ ತಿಳಿಯುತ್ತಿತ್ತು. ಆವರಣದೊಳಗೆ ಆವರಣ ಇರುವ ಲೆಕ್ಕವನ್ನೂ ಮಾಡಿದರು. ಓದುತ್ತಿದ್ದಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ದೊಡ್ಡಪ್ಪ, ಅವರ ಸ್ಲೇಟು.

ಮಗ್ಗಿಯ ವಿಷಯಕ್ಕೆ ಫ್ರಾನ್ಸಿನ ಸ್ಟಾನಿಸ್ಲಾಸ್ ಡೆಹೇನ್ ಮತ್ತು ಲೊರಾಂ ಕೊಹೆನ್ 1997ರಲ್ಲಿ ಇಬ್ಬರು ರೋಗಿಗಳ ಬಗ್ಗೆ ಬರೆದಿದ್ದಾರೆ. ಒಬ್ಬರಿಗೆ ಎಡಭಾಗದ ಒಳಗಡೆ ಪೆಟ್ಟು. ಬಾಯಿಪಾಠ ಮಾಡಿದ್ದೆಲ್ಲ ಹೋಯಿತು, ಪ್ರಾರ್ಥನೆ, ಶಿಶುಗೀತೆ, ಜೊತೆಗೆ ಗುಣಾಕಾರ. ಕಳೆಯೋದು ಅಷ್ಟಾಗಿ ಕೆಡಲಿಲ್ಲ. ಇನ್ನೊಬ್ಬರಿಗೆ ಮಿದುಳಿನ ಮೇಲ್ಭಾಗದ ಹಿಂದೆ, ಪ್ಯಾರೈಟಲ್ ಅನ್ನೋ ಕಡೆ ಪೆಟ್ಟು. ಅವರಿಗೆ ಉಲ್ಟಾ. ಬಾಯಿಪಾಠ ಮಾಡಿದ್ದು ಹೆಚ್ಚು ಕಡಿಮೆ ಉಳಿದಿತ್ತು, ಎಷ್ಟು ಅನ್ನೋ ಅಂದಾಜೇ ಕೆಟ್ಟಿತ್ತು. ಅಂದರೆ ಮಗ್ಗಿ ನಿಜವಾಗಿ ಮಾತಿನ ಮನೆಯದು, ದೇವರ ನಾಮ, ಗಾದೆಗಳ ಪಕ್ಕದಲ್ಲಿ ಕೂರುವಂಥದ್ದು. ಎಷ್ಟು, ಹೆಚ್ಚೋ ಕಡಿಮೆಯೋ ಅನ್ನೋ ಅರಿವು ಕೂತಿರೋದು ಬೇರೆ ಕಡೆ.

ಇನ್ನು ದೊಡ್ಡ ಗಣಿತದ ಕತೆ. ಮಾರಿ ಅಮಾಲ್ರಿಕ್ ಮತ್ತು ಡೆಹೇನ್ 2016ರಲ್ಲಿ 15 ಜನ ಗಣಿತಜ್ಞರನ್ನ, ಅಷ್ಟೇ ಓದಿದ ಆದರೆ ಗಣಿತ ಓದದ 15 ಜನರನ್ನ ಸ್ಕ್ಯಾನರ್ ಒಳಗೆ ಮಲಗಿಸಿ ವಾಕ್ಯಗಳನ್ನ ಕೇಳಿಸಿದರು. ಬೀಜಗಣಿತ, ರೇಖಾಗಣಿತ, ಟೊಪಾಲಜಿ, ಅದರ ಜೊತೆ ಇತಿಹಾಸ, ಪ್ರಕೃತಿಯಂಥ ಸಾಮಾನ್ಯ ವಿಷಯದ ವಾಕ್ಯಗಳು. ಇದು ಸರಿಯೋ, ತಪ್ಪೋ, ಅರ್ಥವೇ ಇಲ್ಲದ್ದೋ ಅಂತ ಅವರು ಹೇಳಬೇಕು. ಸಾಮಾನ್ಯ ವಿಷಯ ಯೋಚಿಸುವಾಗ ಭಾಷೆಯ ಜಾಗಗಳು ಕೆಲಸ ಮಾಡಿದವು. ಗಣಿತದ ವಾಕ್ಯ ಯೋಚಿಸುವಾಗ ಗಣಿತಜ್ಞರಲ್ಲಿ ಬೇರೆಯೇ ಜಾಲ ಎದ್ದಿತು, ಎರಡೂ ಬದಿಯ ಪ್ಯಾರೈಟಲ್, ಮುಂಭಾಗದ ಕೆಲವು ಜಾಗ, ಕಿವಿಯ ಹತ್ತಿರದ ಟೆಂಪೊರಲ್ ಭಾಗದ ಕೆಳಗಿನ ಒಂದು ತುಣುಕು. ನಾವು ಹತ್ತು ಇಪ್ಪತ್ತು ಅಂತ ಎಣಿಸುವಾಗ ಬಳಸುವ ಜಾಗಗಳ ನೆರೆಹೊರೆಯೇ ಅದು. ಗಣಿತದ ವಾಕ್ಯ ಕೇಳಿದ್ದು ಮಾತಿನಲ್ಲಿ, ಯೋಚಿಸಿದ್ದು ಮಾತಿನ ಜಾಗದಲ್ಲಿ ಅಲ್ಲ.

ಇಲ್ಲಿಗೇ ನಿಲ್ಲಿಸಿದರೆ ಅಪ್ಪ ಅಮ್ಮಂದಿರ ನಂಬಿಕೆಯೇ ಗೆದ್ದಂತೆ ಕಾಣುತ್ತದೆ ಅಲ್ವಾ? ಎರಡೂ ಬೇರೆ ಬೇರೆ, ಹುಟ್ಟುವಾಗಲೇ ಹಂಚಿಕೆ ಆಗಿದೆ ಅಂತ. ಆದರೆ ಮಾರ್ಕ್ಸ್ ಕಾರ್ಡ್ ಹಾಗೆ ಹೇಳೋದಿಲ್ಲ. ನಾನು 26 ವರ್ಷದಿಂದ ತಿದ್ದುತ್ತಿದ್ದೇನೆ. ಭಾಷೆಯಲ್ಲಿ ಚೆನ್ನಾಗಿರುವ ಮಕ್ಕಳು ಸಾಮಾನ್ಯವಾಗಿ ಲೆಕ್ಕದಲ್ಲೂ ಚೆನ್ನಾಗಿರುತ್ತಾರೆ. ಒಂದರಲ್ಲಿ ಹುಲಿ ಇನ್ನೊಂದರಲ್ಲಿ ಇಲಿ ಅನ್ನೋ ಮಕ್ಕಳು ಇದ್ದಾರೆ, ನಮಗೆ ನೆನಪಿರೋದೂ ಅವರೇ, ಆದರೆ ಅವರು ಕಡಿಮೆ. ನೂರಾರು ಅಧ್ಯಯನಗಳನ್ನ ಒಟ್ಟಿಗೆ ಹಾಕಿ ನೋಡಿದ 2020ರ ಒಂದು ವಿಶ್ಲೇಷಣೆಯಲ್ಲಿ ಭಾಷೆಗೂ ಗಣಿತಕ್ಕೂ ಇರುವ ಸಂಬಂಧ ಸುಮಾರು 0.42 ಬಂದಿದೆ. ಸೊನ್ನೆ ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಎರಡೂ ಪೂರ್ತಿ ಜೊತೆಜೊತೆಗೇ ಏರಿಳಿಯುತ್ತವೆ. 0.42 ಅಂದರೆ ಒಳ್ಳೆಯ ನೆಂಟಸ್ತನವೇ. ಬ್ರಿಟನ್ನಿನಲ್ಲಿ 12 ವರ್ಷದ ಅವಳಿ ಮಕ್ಕಳ ಮೇಲೆ ನಡೆದು 2014ರಲ್ಲಿ ಬಂದ ಅಧ್ಯಯನವೂ ಇದೆ. ಓದಿನ ಮೇಲೆ ಪ್ರಭಾವ ಬೀರುವ ಜೀನ್‌ಗಳಲ್ಲಿ ಸುಮಾರು ಅರ್ಧದಷ್ಟು ಗಣಿತದ ಮೇಲೂ ಪ್ರಭಾವ ಬೀರುತ್ತವೆ ಅಂತ ಅದು ಹೇಳಿತು.

ಹಾಗಾದರೆ ಮಿದುಳಲ್ಲಿ ಬೇರೆ, ಮಾರ್ಕ್ಸಲ್ಲಿ ಒಟ್ಟಿಗೆ. ಇದು ಹೇಗೆ?

ನನಗೆ ಈ ಗಂಟು ಬಿಚ್ಚಿದ್ದು ಕಂಪ್ಯೂಟರ್ ಪ್ರೋಗ್ರಾಮಿಂಗ್ ಬಗ್ಗೆ ಬಂದ ಎರಡು ಅಧ್ಯಯನ. ಎರಡೂ 2020ರವು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಾಂಟೆಲ್ ಪ್ರಾಟ್ ಮತ್ತು ಜೊತೆಗಾರರು, ಕೋಡಿಂಗ್ ಗೊತ್ತಿಲ್ಲದವರಿಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಸಿದರು. 36 ಜನ ಪೂರ್ತಿ ಮಾಡಿದರು. ಯಾರು ಬೇಗ ಕಲಿತರು ಅನ್ನೋದರಲ್ಲಿ ಇದ್ದ ವ್ಯತ್ಯಾಸದ ಸುಮಾರು 17% ಹೊಸ ಭಾಷೆ ಕಲಿಯುವ ಜಾಣ್ಮೆಯಿಂದ ಬಂದಿತ್ತು. ಅಂಕಿಗಳ ಜಾಣ್ಮೆಯಿಂದ ಬಂದಿದ್ದು ಬರೀ 2%. ಅದೇ ವರ್ಷ ಅನ್ನಾ ಇವನೋವಾ, ಎವ್ಲಿನಾ ಫೆಡೊರೆಂಕೊ ಮತ್ತಿತರರು ಕೋಡಿಂಗ್ ಆಗಲೇ ಬರುವವರನ್ನ ಸ್ಕ್ಯಾನರಲ್ಲಿ ಮಲಗಿಸಿ ಕೋಡ್ ಓದಿಸಿದರು. ಭಾಷೆಯ ಜಾಲ ಅಷ್ಟಾಗಿ ಏಳಲಿಲ್ಲ. ಯಾವ ಕಷ್ಟದ ಕೆಲಸಕ್ಕೂ ಏಳುವ ಇನ್ನೊಂದು ಜಾಲ ಎದ್ದಿತು. ನೋಡಿ, ಕಲಿಯುವಾಗ ಭಾಷೆಯ ಜಾಣ್ಮೆ ಕೈ ಹಿಡಿಯಿತು. ಕಲಿತ ಮೇಲೆ ಮಾಡುವಾಗ ಅದರ ಹಂಗಿಲ್ಲ.

ನಮ್ಮ ಕಡೆ ಹಳ್ಳಕ್ಕೆ ಕಾಲುಸಂಕ ಹಾಕುತ್ತಾರಲ್ಲ, ಎರಡು ಅಡಿಕೆ ಮರ ಉರುಳಿಸಿ, ಹಿಡಿಯೋಕೆ ಒಂದು ಬಿದಿರು ಕಟ್ಟಿ. ಭಾಷೆ ನಮಗೆ ಲೆಕ್ಕದ ತೋಟಕ್ಕೆ ಹೋಗುವ ಕಾಲುಸಂಕ ಅಂತ ನನಗೆ ಅನಿಸುತ್ತದೆ. ದೊಡ್ಡಪ್ಪ ಐವತ್ತು ವರ್ಷ ಮುಂಚೆಯೇ ದಾಟಿ ಆಚೆ ದಡದಲ್ಲಿದ್ದರು. ಮಳೆಗೆ ಸಂಕ ಕೊಚ್ಚಿಹೋದರೂ ತೋಟ ಅವರದ್ದೇ. ಈಗಿನ್ನೂ ಈಚೆ ದಡದಲ್ಲಿರುವ ಮಗುವಿಗೆ ಸಂಕವೇ ಅಲ್ಲಾಡುತ್ತಿದ್ದರೆ?

ಸಂಕವೇ ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ನೋಡಿದ್ದಾರೆ. ನಿಕರಾಗುವಾದಲ್ಲಿ ಹುಟ್ಟಾ ಕಿವುಡರಾದ, ಯಾವ ಸಂಜ್ಞೆ ಭಾಷೆಯನ್ನೂ ಯಾರೂ ಕಲಿಸದ, ಮನೆಯವರ ಜೊತೆ ತಾವೇ ಮಾಡಿಕೊಂಡ ಕೈಸನ್ನೆಯಲ್ಲೇ ಬದುಕಿದ ನಾಲ್ಕು ಜನ ದೊಡ್ಡವರನ್ನ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಅವರು ಕೆಲಸ ಮಾಡುತ್ತಾರೆ, ದುಡ್ಡು ಸಂಪಾದಿಸುತ್ತಾರೆ, ಸುತ್ತ ಎಲ್ಲರೂ ಅಂಕಿ ಬಳಸುವವರೇ. ಆದರೂ ಮೂರು ದಾಟಿದರೆ ಅವರ ಬೆರಳು ಎಲ್ಲ ಸಲವೂ ಸರಿಯಾದ ಸಂಖ್ಯೆ ತೋರಿಸುತ್ತಿರಲಿಲ್ಲ, ಎಷ್ಟೋ ಸಲ ಆಸುಪಾಸಿನದು ತೋರಿಸುತ್ತಿತ್ತು. ಒಂದು, ಎರಡು, ಮೂರು ಅಂತ ಸಾಲಾಗಿ ಹೇಳುವ ಪದಗಳು ಇಲ್ಲದಿದ್ದರೆ ಹದಿನೇಳಕ್ಕೂ ಹದಿನೆಂಟಕ್ಕೂ ಇರುವ ವ್ಯತ್ಯಾಸ ಹಿಡಿಯೋದು ಮನುಷ್ಯರಿಗೆ ಕಷ್ಟ.

ಈ ವಿಷಯದಲ್ಲಿ ಕನ್ನಡದ ಮಕ್ಕಳು ಪುಣ್ಯವಂತರು. ಇಪ್ಪತ್ತೊಂದು, ಇಪ್ಪತ್ತೆರಡು, ಮೂವತ್ತೊಂಬತ್ತು. ಇಪ್ಪತ್ತು ಮೊದಲು, ಬಿಡಿ ಆಮೇಲೆ, ಬರೆಯುವ ಹಾಗೇ ಹೇಳುತ್ತೇವೆ. ಹಿಂದಿಯಲ್ಲಿ ನೂರರ ತನಕ ಹೆಚ್ಚು ಕಡಿಮೆ ಒಂದೊಂದಕ್ಕೂ ಒಂದೊಂದು ಪದ ಬಾಯಿಪಾಠ ಮಾಡಬೇಕು. ಜರ್ಮನ್ನಿನಲ್ಲಿ "ಒಂದು ಮತ್ತು ಇಪ್ಪತ್ತು" ಅಂತ ಹಿಂದುಮುಂದಾಗಿ ಹೇಳುತ್ತಾರೆ, ಅದರಿಂದ ಮಕ್ಕಳು ಬರೆಯುವಾಗ ಅಂಕಿ ತಿರುಗಿಸಿಬಿಡುತ್ತಾರೆ. ಮುಕ್ಕಾಲು ಅನ್ನೋ ಪದದಲ್ಲೇ ಮೂರು ಕಾಲು ಕೂತಿದೆ, ಭಿನ್ನರಾಶಿ ಹೇಳಿಕೊಡುವಾಗ ನಾನು ಪ್ರತಿ ವರ್ಷ ಅಲ್ಲಿಂದಲೇ ಶುರು ಮಾಡುತ್ತೇನೆ. ಕಲಿತ ಭಾಷೆ ಕೊನೆಯ ತನಕ ಅಂಟಿಕೊಳ್ಳುತ್ತದೆ ಅನ್ನೋದಕ್ಕೂ ಪುರಾವೆ ಇದೆ. 1999ರಲ್ಲಿ ಡೆಹೇನ್, ಎಲಿಜಬೆತ್ ಸ್ಪೆಲ್ಕಿ ಮತ್ತಿತರರು ರಷ್ಯನ್, ಇಂಗ್ಲಿಷ್ ಎರಡೂ ಬರುವವರಿಗೆ ಒಂದು ಭಾಷೆಯಲ್ಲಿ ಕೂಡುವ ಲೆಕ್ಕ ಕಲಿಸಿ ಇನ್ನೊಂದರಲ್ಲಿ ಕೇಳಿದರು. ನಿಖರ ಉತ್ತರಕ್ಕೆ ತಡವಾಯಿತು, ಅಂದಾಜಿಗೆ ತಡವಾಗಲಿಲ್ಲ. ನಾನು ಡಿಗ್ರಿ ಓದಿದ್ದು ಇಂಗ್ಲಿಷಲ್ಲಿ. ಇವತ್ತಿಗೂ ಅಂಗಡಿಯಲ್ಲಿ ಚಿಲ್ಲರೆ ಎಣಿಸೋದು, ಮಗ್ಗಿ ಹೇಳೋದು ಕನ್ನಡದಲ್ಲೇ. ಐದನೇ ಕ್ಲಾಸಿನ ತನಕ ಕನ್ನಡದಲ್ಲಿ ಲೆಕ್ಕ ಕಲಿತ ಮಗುವನ್ನ ಆರನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂಗೆ ಹಾಕಿ, ಮೊದಲ ಟೆಸ್ಟಲ್ಲೇ "ಇವನಿಗೆ ಲೆಕ್ಕ ಬರಲ್ಲ" ಅಂತ ಬರೆಯೋದನ್ನ ನೋಡಿದರೆ ನನಗೆ ಸಂಕಟ ಆಗುತ್ತದೆ.

ಒಂದು ಲೆಕ್ಕ ಕೊಡುತ್ತೇನೆ. ರಾಜು ಹತ್ತಿರ ಲೀಲಾಗಿಂತ 5 ಅಡಿಕೆ ಜಾಸ್ತಿ ಇದೆ. ರಾಜು ಹತ್ತಿರ 12 ಅಡಿಕೆ ಇದೆ. ಲೀಲಾ ಹತ್ತಿರ ಎಷ್ಟು? ಏಳನೇ ಕ್ಲಾಸಿನಲ್ಲಿ ಇದನ್ನ ಕೊಟ್ಟರೆ ಎಷ್ಟೋ ಮಕ್ಕಳು 17 ಅಂತ ಬರೆಯುತ್ತಾರೆ. "ಜಾಸ್ತಿ" ಕಂಡ ಕೂಡಲೇ ಕೂಡಿಸುತ್ತಾರೆ. ಅವರಿಗೆ 12ರಲ್ಲಿ 5 ಕಳೆಯೋಕೆ ಬರುತ್ತದೆ. ಯಾರ ಹತ್ತಿರ ಜಾಸ್ತಿ, ಯಾರಿಗಿಂತ ಅನ್ನೋದು ಹಿಡಿಯೋಕೆ ಬರಲಿಲ್ಲ. "ಗಿಂತ" ಅನ್ನೋ ಎರಡಕ್ಷರ ಅದು. ನಾವು ತಿದ್ದುವಾಗ ಗಣಿತದ ಪೇಪರಿಗೆ ಕೆಂಪು ಗೀಟು ಹಾಕುತ್ತೇವೆ, ತಪ್ಪಾಗಿದ್ದು ಕನ್ನಡದಲ್ಲಿ. ಅಂಥ ಮಗುವಿಗೆ ಇನ್ನೂ ನೂರು ಕಳೆಯುವ ಲೆಕ್ಕ ಕೊಟ್ಟರೆ ಏನೂ ಆಗೋದಿಲ್ಲ. ಅದರ ಪಕ್ಕ ಕೂತು, ಅಡಿಕೆ ಇಟ್ಟು, ವಾಕ್ಯವನ್ನ ನಾಲ್ಕು ಥರ ಹೇಳಿಸಬೇಕು. "ಲೀಲಾ ಹತ್ತಿರ ರಾಜುಗಿಂತ 5 ಕಡಿಮೆ" ಅಂತ ಮಗುವೇ ತಿರುಗಿಸಿ ಹೇಳಿತು ಅಂದರೆ ಅರ್ಧ ಗೆದ್ದ ಹಾಗೆ.

ನಮ್ಮ ಹಿರಿಯರು ಈ ಸಂಕದ ಮೇಲೆ ಎಷ್ಟು ಧೈರ್ಯವಾಗಿ ಓಡಾಡಿದ್ದಾರೆ ಅಂತ ಹೇಳದೆ ಮುಗಿಸೋಕೆ ಮನಸ್ಸಿಲ್ಲ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಾಗ ಪದ್ಯದಲ್ಲೂ ಬರೆದ. ಅದು ನೆನಪಿಗೆ ಅನುಕೂಲ, ಸರಿ. ಆದರೆ ಛಂದಸ್ಸಿನವರು ಅದಕ್ಕಿಂತ ಮುಂದೆ ಹೋದರು, ಪದ್ಯದಿಂದಲೇ ಗಣಿತ ತೆಗೆದರು.

ಇಲ್ಲಿ ತುಂಗೆಯ ದಡದಲ್ಲಿ ಹೊಸಹಳ್ಳಿ ಇದೆ, ಗಮಕದ ಊರು. ಅಲ್ಲಿನವರು ಭಾಮಿನಿ ಷಟ್ಪದಿ ಓದೋದನ್ನ ಕೇಳಿದ್ದರೆ ಮೂರು, ನಾಲ್ಕು, ಮೂರು, ನಾಲ್ಕು ಅಂತ ನಡೆಯುವ ಹೆಜ್ಜೆ ನಿಮ್ಮ ಕಿವಿಯಲ್ಲಿದೆ. ಗಿಡ್ಡ ಅಕ್ಷರವಾದ ಲಘುವಿಗೆ ಒಂದು ಮಾತ್ರೆ, ಉದ್ದದ ಗುರುವಿಗೆ ಎರಡು. ನಾಲ್ಕು ಮಾತ್ರೆ ತುಂಬೋಕೆ ಎಷ್ಟು ದಾರಿ ಇದೆ? ನಮ್ಮ ಜಿಲ್ಲೆಯ ಹೆಸರುಗಳಲ್ಲೇ ಹೇಳುತ್ತೇನೆ. ತುಂಗಾ, ಎರಡು ಗುರು. ಸಾಗರ, ಗುರು ಲಘು ಲಘು. ಶಿವಪ್ಪ, ಲಘು ಗುರು ಲಘು. ವರದಾ, ಲಘು ಲಘು ಗುರು. ಸೊರಬದ, ನಾಲ್ಕೂ ಲಘು. ಐದೇ ದಾರಿ, ಆರನೆಯದು ಇಲ್ಲ. ಮೂರು ಮಾತ್ರೆಗೆ ಮೂರು ದಾರಿ: ತೋಟ, ಇದೇ, ಅಡಿಕೆ. ಎರಡಕ್ಕೆ ಎರಡು, ಒಂದಕ್ಕೆ ಒಂದು. 1, 2, 3, 5, ಆಮೇಲೆ 8, ಆಮೇಲೆ 13. ಹಿಂದಿನ ಎರಡನ್ನ ಕೂಡಿಸಿದರೆ ಮುಂದಿನದು. ಇಟಲಿಯ ಫಿಬೊನಾಚಿ 1202ರಲ್ಲಿ ಬರೆದ ಈ ಸಾಲನ್ನ ನಮ್ಮ ಛಂದಸ್ಸಿನ ಪಂಡಿತರು ಅದಕ್ಕೂ ಮೊದಲೇ ಕಂಡಿದ್ದರು, ಹೇಮಚಂದ್ರ ಸುಮಾರು 1150ರಲ್ಲಿ, ವಿರಹಾಂಕ ಅವನಿಗಿಂತ ಎಷ್ಟೋ ಹಿಂದೆ. ಪದ್ಯ ಓದುತ್ತಾ ಓದುತ್ತಾ ಆಚೆ ದಡಕ್ಕೆ ಹೋದವರು ಅವರು.

ಯಾಕೆ ಹಿಂದಿನ ಎರಡನ್ನೇ ಕೂಡಿಸಬೇಕು ಅಂತ ಸಮಯ ಸಾಲದೆ ಆವತ್ತು ಹೇಳಲಿಲ್ಲ.

ಮುಗಿದ ಮೇಲೆ ಒಬ್ಬರು ತಂದೆ ಬಂದರು. ಹಿಂದೆ ಮಗಳು, ಒಂಬತ್ತನೇ ಕ್ಲಾಸು. "ಸರ್, ಇವಳು ಪ್ರಬಂಧದಲ್ಲಿ ತಾಲ್ಲೂಕಿಗೇ ಫಸ್ಟು. ಗಣಿತದಲ್ಲಿ ಪಾಸಾದರೆ ಸಾಕು ಅಂತ ಹರಕೆ ಹೊತ್ತಿದ್ದೀವಿ." ಅವಳು ನೆಲ ನೋಡುತ್ತಿದ್ದಳು. ಮಳೆ ನಿಂತಿರಲಿಲ್ಲ, ಅವರ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. "ಐದು ಮಾತ್ರೆಗೆ ಎಂಟು ದಾರಿ ಅಂದೆನಲ್ಲ, ಹುಡುಕು ನೋಡೋಣ, ನಮ್ಮ ಕಡೆಯ ಹೆಸರೇ ಬೇಕು" ಅಂದೆ. ಪೆನ್ನು ಕೊಟ್ಟೆ. ಕರಪತ್ರದ ಹಿಂದೆ ಬರೆಯುತ್ತಾ ಕೂತಳು. ತುಟಿ ಅಲ್ಲಾಡುತ್ತಿತ್ತು, ಬೆರಳಿನ ಗೆಣ್ಣು ಎಣಿಸುತ್ತಿದ್ದಳು. ಆಗುಂಬೆ ಬಂತು. ಶರಾವತಿ ಬಂತು. ಮಲೆನಾಡು, ಹೊಸನಗರ. ಸಾಗರದ ಅಂತ ಬರೆದು, "ಇದು ನಡೆಯುತ್ತಾ ಸರ್?" ಅಂದಳು. ಸೊರಬದ ನಡೆದಿದೆಯಲ್ಲ, ನಡೆಯುತ್ತದೆ ಅಂದೆ.

ಆಮೇಲೆ ಪೆನ್ನು ನಿಂತಿತು. ಹತ್ತು ನಿಮಿಷ ಆಯಿತು. ಬಸ್ಸಿಗೆ ಹೊತ್ತಾಯಿತು ಅಂತ ಅವರಪ್ಪ ಕೊಡೆ ಬಿಚ್ಚಿದರು.

"ಐದೇ ಸಿಗೋದು ಸರ್" ಅಂದಳು. "ಉಳಿದ ಮೂರಕ್ಕೆ ಕೊನೆಯಲ್ಲಿ ಗುರು ಬರಬೇಕು. ನಮ್ಮ ಊರಿನ ಹೆಸರೆಲ್ಲ ಕೊನೆಗೆ ಗಿಡ್ಡ. ಈ ಐದರಲ್ಲಿ ಕೊನೇ ಅಕ್ಷರ ತೆಗೆದರೆ ನೀವು ಹೇಳಿದ ನಾಲ್ಕು ಮಾತ್ರೆಯ ಐದೇ ಉಳಿಯುತ್ತೆ. ಆ ಮೂರರಲ್ಲಿ ಗುರು ತೆಗೆದರೆ ಮೂರು ಮಾತ್ರೆಯ ಮೂರು." ಸ್ವಲ್ಪ ತಡೆದು, "ಅದಕ್ಕೇನಾ ಸರ್ ಹಿಂದಿನ ಎರಡನ್ನ ಕೂಡಿಸೋದು?" ಅಂದಳು.

ಅವರಪ್ಪ ಕೊಡೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.